ಹವಳ ಹೆತ್ತ ಮರಳು: ಪಾಲಿನೇಷಿಯಾದ ಕಡಲತೀರಗಳು

1951ರಿಂದ 1960ರವರೆಗೆ ನ್ಯೂಜಿಲೆಂಡಿನ ಆಕ್ಲೆಂಡ್ ನಗರದಿಂದ ಟಹೀಟಿ ದ್ವೀಪಕ್ಕೆ ಒಂದು ಅಪೂರ್ವ ವಿಮಾನಮಾರ್ಗವಿತ್ತು. ‘ಹವಳದ ಹಾದಿ’ ಎಂದು ಅದಕ್ಕೆ ಹೆಸರು. ಟಹೀಟಿಯಲ್ಲಿ ಅಂದು ವಿಮಾನ ನಿಲ್ದಾಣವಿರಲಿಲ್ಲವಾದ್ದರಿಂದ, ನೀರಿನ ಮೇಲೆಯೇ ಇಳಿದು ನೀರಿನಿಂದಲೇ ಮೇಲೇಳುವ ಜಲವಿಮಾನಗಳು ಆ ಹಾದಿಯಲ್ಲಿ ಸಂಚರಿಸುತ್ತಿದ್ದವು. ಫಿಜಿ, ಸಮೋವಾಗಳನ್ನು ದಾಟಿ ಬಂದ ವಿಮಾನವು ಕುಕ್ ದ್ವೀಪಸಮೂಹದ ಐಟುಟಾಕಿಯಲ್ಲಿ, ಅಕಾಯಾಮಿ ಎಂಬ ಪುಟ್ಟ ತೆಂಗಿನ ದ್ವೀಪದ ಬಳಿ ತಂಗುತ್ತಿತ್ತು. ಇಂಧನ ತುಂಬಲು ಸುಮಾರು ಎರಡು ಗಂಟೆ ಬೇಕು. ಅಷ್ಟರೊಳಗೆ ಪ್ರಯಾಣಿಕರು ಕೋಟು, ಬೂಟುಗಳನ್ನು ಕಳಚಿಟ್ಟು, ಪಚ್ಚೆಯ ಬಣ್ಣದ ತಿಳಿನೀರಿನಲ್ಲಿ ಈಜಾಡಿ ಬರುತ್ತಿದ್ದರು. ನಮ್ಮಲ್ಲಿ ರೈಲಿನ ಇಂಜಿನು ನೀರು ಕುಡಿಯುವಾಗ ಪ್ರಯಾಣಿಕರು ಪ್ಲಾಟ್‌ಫಾರಮ್ಮಿನಲ್ಲಿ ಕಾಫಿಗಾಗಿ ಓಡಾಡುತ್ತಿದ್ದ ಕಾಲದ ಮಾತಿದು!

ಟಹೀಟಿಯಲ್ಲಿ ನಿಲ್ದಾಣ ಸಿದ್ಧವಾದೊಡನೆ ಜಲವಿಮಾನಗಳ ಕಾಲ ಮುಗಿಯಿತು. ಆದರೆ ಐಟುಟಾಕಿಯ ತಿಳಿನೀರಿಗೆ ಪ್ರವಾಸಿಗರು ಇಂದಿಗೂ ಬರುತ್ತಾರೆ. ಆ ಕೊಳದ ಇನ್ನೊಂದು ದ್ವೀಪದ ಹೆಸರು ಟಪುವೆಟೈ. ‘ಒಂದೇ ಹೆಜ್ಜೆ’ ಎಂದು ಅದರ ಅರ್ಥ. ಶತ್ರುಗಳು ಬೆನ್ನಟ್ಟಿದಾಗ ತಂದೆಯೊಬ್ಬನು ಮಗನೊಡನೆ ಈ ದ್ವೀಪಕ್ಕೆ ಓಡಿಬಂದನಂತೆ. ಮರಳಿನ ಮೇಲೆ ಒಬ್ಬನದೇ ಹೆಜ್ಜೆಗುರುತು ಉಳಿಯುವಂತೆ ಉಪಾಯ ಮಾಡಿ ಮಗನನ್ನು ಮರದ ಮೇಲೆ ಅಡಗಿಸಿದನು. ತಂದೆ ಹತನಾದನು, ಮಗ ಉಳಿದನು. ಈ ಕಥೆಗೆ ಪಾಠಾಂತರಗಳಿವೆ. ಆದರೆ ಅದನ್ನು ಕೇಳಿದವನು ಆ ಬಿಳಿಯ ಮರಳಿನ ಮೇಲೆ ಕಾಲಿಡುವಾಗ ಒಮ್ಮೆ ಹಿಂತಿರುಗಿ ನೋಡದಿರಲಾರನು.

ಭೂಪಟದಲ್ಲಿ ಹವಾಯಿ, ನ್ಯೂಜಿಲೆಂಡ್ ಮತ್ತು ಈಸ್ಟರ್ ದ್ವೀಪಗಳನ್ನು ಮೂರು ಗೆರೆಗಳಿಂದ ಕೂಡಿಸಿದರೆ ಪ್ರಶಾಂತ ಮಹಾಸಾಗರದ ಮೇಲೆ ಒಂದು ಮಹಾತ್ರಿಕೋನವಾಗುತ್ತದೆ. ಅದೇ ಪಾಲಿನೇಷಿಯಾ, ಎಂದರೆ ‘ಬಹುದ್ವೀಪಗಳ ನಾಡು’. ಚಿತ್ರಪಟಗಳಲ್ಲಿ ಇಲ್ಲಿನ ತೀರಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ತೋರುತ್ತವೆ: ಬಾಗಿದ ತೆಂಗು, ಬೆಳ್ಳನೆಯ ಮರಳು, ನೀಲಿಯ ನೀರು. ಹೋಗಿ ನೋಡಿದವರಿಗೆ ಮಾತ್ರ ಮೊದಲ ಆಶ್ಚರ್ಯ ಟಹೀಟಿಯಲ್ಲೇ ಕಾದಿರುತ್ತದೆ.

ಅಲ್ಲಿನ ಬಹುಪಾಲು ಮರಳು ಕಪ್ಪು! ಟಹೀಟಿಯು ಕಡಲಿನಿಂದ ಮೇಲೆದ್ದ ಜ್ವಾಲಾಮುಖಿ ಪರ್ವತ. ಅದರ ಶಿಖರ 2,241 ಮೀಟರ್ ಎತ್ತರ. ಕರಿಗಲ್ಲನ್ನು ಹೊಳೆಗಳು ಸವೆಸಿ ಕಡಲಿಗೆ ತರುತ್ತವೆ, ಅಲೆಗಳು ಅದನ್ನು ನುಣ್ಣಗೆ ಅರೆದು ದಡಕ್ಕೆ ಚೆಲ್ಲುತ್ತವೆ. ಮಟವಾಯಿ ಕೊಲ್ಲಿಯ ಇಂತಹ ಒಂದು ಕಪ್ಪು ತೀರದಲ್ಲೇ, 1769ರ ಜೂನ್ 3ರಂದು, ಕ್ಯಾಪ್ಟನ್ ಕುಕ್ ಮತ್ತು ಅವನ ಸಂಗಡಿಗರು ದೂರದರ್ಶಕಗಳನ್ನು ಹೂಡಿ, ಸೂರ್ಯಬಿಂಬವನ್ನು ಶುಕ್ರಗ್ರಹವು ಹಾದುಹೋಗುವುದನ್ನು ವೀಕ್ಷಿಸಿದರು. ಆ ಭೂಶಿರಕ್ಕೆ ಇಂದಿಗೂ ಶುಕ್ರನ ಹೆಸರೇ ಇದೆ. 1788ರಲ್ಲಿ ಇದೇ ಕೊಲ್ಲಿಗೆ ಕ್ಯಾಪ್ಟನ್ ಬ್ಲೈನ ‘ಬೌಂಟಿ’ ಹಡಗು ಬಂದದ್ದು ನಮ್ಮ ಕರಾವಳಿಯವರಿಗೆ ಚಿರಪರಿಚಿತವಾದ ಒಂದು ಮರಕ್ಕಾಗಿ. ಪಲ್ಯ, ಪೋಡಿಗಳಿಗೆ ಬಳಸುವ ಜೀಗುಜ್ಜೆಯ ಸಸಿಗಳನ್ನು ವೆಸ್ಟ್ ಇಂಡೀಸಿಗೆ ಒಯ್ದು, ಅಲ್ಲಿನ ಗುಲಾಮರಿಗೆ ಅಗ್ಗದ ಆಹಾರ ಒದಗಿಸಬೇಕೆಂಬುದು ಆಂಗ್ಲರ ಎಣಿಕೆಯಾಗಿತ್ತು. ಮರುವರ್ಷ ಏಪ್ರಿಲಿನಲ್ಲಿ ನಾವಿಕರು ದಂಗೆಯೆದ್ದು ನಾಯಕನನ್ನೇ ದೋಣಿಯಲ್ಲಿ ಕೂರಿಸಿ ಕಳುಹಿಸಿದ ವೃತ್ತಾಂತ ಲೋಕಪ್ರಸಿದ್ಧ. ಅದಕ್ಕೆ ಕೇವಲ 17 ದಿನ ಮೊದಲು ಅವರ ಹಡಗು ಐಟುಟಾಕಿಯನ್ನು ಕಂಡಿತ್ತು.

ಹಾಗಾದರೆ ಬಿಳಿಯ ಮರಳು ಬಂದುದೆಲ್ಲಿಂದ? ಟಹೀಟಿಯಿಂದ ಸುಮಾರು 17 ಕಿಲೋಮೀಟರ್ ದೂರದ ಮೊರಿಯಾ ದ್ವೀಪಕ್ಕೆ ದಾಟುದೋಣಿಯಲ್ಲಿ ಹೋದರೆ ಟೆಮೆ ಎಂಬ ಸುಂದರ ತೀರ ಸಿಗುತ್ತದೆ. ಸ್ಥಳೀಯ ಕುಟುಂಬಗಳು ಬುತ್ತಿ ಕಟ್ಟಿಕೊಂಡು ಬರುವ ಈ ತೀರದಲ್ಲಿ ಯಾರು ಬೇಕಾದರೂ ಕೂರಬಹುದು, ಈಜಬಹುದು. ಇಲ್ಲಿನ ಮರಳು ಕಲ್ಲಿನಿಂದ ಹುಟ್ಟಿದ್ದಲ್ಲ, ಜೀವಿಗಳಿಂದ ಹುಟ್ಟಿದ್ದು. ಹವಳದ ತುಣುಕು, ಚಿಪ್ಪು, ಸುಣ್ಣದ ಕವಚವುಳ್ಳ ಸೂಕ್ಷ್ಮಪ್ರಾಣಿ, ಇವೆಲ್ಲವೂ ಪುಡಿಯಾಗಿ ಮರಳಾಗುತ್ತವೆ. ಪುಡಿಮಾಡುವ ಕೆಲಸದಲ್ಲಿ ಅಲೆಗಳಿಗೆ ಒಬ್ಬ ದೊಡ್ಡ ಸಹಾಯಕನಿದ್ದಾನೆ. ಅವನೇ ಗಿಳಿಮೀನು. ಗಿಳಿಯ ಕೊಕ್ಕಿನಂತಹ ಹಲ್ಲುಗಳಿಂದ ಈ ಮೀನು ಹವಳದ ಬಂಡೆಯನ್ನು ಕೆರೆದು, ಪಾಚಿಯನ್ನು ಅರಗಿಸಿಕೊಂಡು, ಸುಣ್ಣದ ಪುಡಿಯನ್ನು ಹೊರಹಾಕುತ್ತದೆ. ದೊಡ್ಡ ಮೀನೊಂದು ವರ್ಷಕ್ಕೆ ನೂರಾರು ಕಿಲೋಗ್ರಾಂ ಮರಳನ್ನು ಹೀಗೆ ತಯಾರಿಸಬಲ್ಲದು. ನವದಂಪತಿಗಳು ಕೈಹಿಡಿದು ನಡೆಯುವ ಆ ಬೆಳ್ಳಿಯ ದಂಡೆಯ ಮೂಲ ಅಷ್ಟೇನೂ ಕಾವ್ಯಮಯವಲ್ಲ!

1835ರ ನವೆಂಬರಿನಲ್ಲಿ ಟಹೀಟಿಯ ಬೆಟ್ಟವೊಂದನ್ನು ಏರಿ ಮೊರಿಯಾವನ್ನು ದಿಟ್ಟಿಸಿದ ತರುಣನೊಬ್ಬನಿಗೆ ಈ ದ್ವೀಪಗಳ ಗುಟ್ಟು ಹೊಳೆಯಿತು. ಅವನು ಚಾರ್ಲ್ಸ್ ಡಾರ್ವಿನ್. ನಡುವೆ ಪರ್ವತ, ಸುತ್ತ ಶಾಂತವಾದ ನೀರು, ಅದರಾಚೆ ಹವಳದ ದಿಬ್ಬದ ಮೇಲೆ ಒಡೆಯುವ ನೊರೆಯ ಬಿಳಿಗೆರೆ. ಪರ್ವತವು ಯುಗಯುಗಾಂತರಗಳಲ್ಲಿ ಮೆಲ್ಲಮೆಲ್ಲನೆ ಕುಸಿಯುತ್ತ ಹೋದರೂ ಹವಳವು ಬೆಳಕನ್ನರಸಿ ಮೇಲಕ್ಕೆ ಬೆಳೆಯುತ್ತಲೇ ಇರುತ್ತದೆ. ಕೊನೆಗೆ ಪರ್ವತ ಮುಳುಗಿ, ಹವಳದ ಉಂಗುರವೊಂದೇ ಉಳಿಯುತ್ತದೆ ಎಂದು ಅವನು 1842ರ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದನು. ಶತಮಾನದ ಅಂತ್ಯದಲ್ಲಿ ಫುನಾಫುಟಿ ದ್ವೀಪದಲ್ಲಿ 300 ಮೀಟರಿಗೂ ಆಳಕ್ಕೆ ಕೊರೆದರೂ ಪರ್ವತದ ಕಲ್ಲು ಸಿಗಲಿಲ್ಲ. 1952ರಲ್ಲಿ ಮಾರ್ಷಲ್ ದ್ವೀಪಗಳ ಎನಿವೆಟಾಕಿನಲ್ಲಿ ಸುಮಾರು 1,400 ಮೀಟರ್ ಕೊರೆದಾಗ ಜ್ವಾಲಾಮುಖಿಯ ಕಲ್ಲು ಕೈಗೆ ಬಂತು. ಡಾರ್ವಿನ್ನನ ಊಹೆ ದಿಟವಾಯಿತು. ರಂಗಿರೋವಾದಂತಹ ದ್ವೀಪ ಇದೇ ಬಗೆಯ ಉಂಗುರ. ಅದರ ಒಂದು ಅಂಚಿನಲ್ಲಿ ಮರಳು ನಸುಗೆಂಪಾಗಿ, ಗುಲಾಬಿಯ ಎಸಳು ಉದುರಿದಂತೆ ಕಾಣುತ್ತದೆ.

ಬೋರಾ ಬೋರಾ ದ್ವೀಪದ ಕೀರ್ತಿಯನ್ನು ಕೇಳದವರು ವಿರಳ. ಅಲ್ಲಿನ ಮಟೀರಾ ತೀರದಲ್ಲಿ ಸೊಂಟದುದ್ದದ ನೀರು ಬಹುದೂರದವರೆಗೆ ಹಬ್ಬಿರುವುದರಿಂದ ಮಕ್ಕಳಿಗೂ ಸುಖ. ಕಂಬಗಳ ಮೇಲೆ, ನೀರಿನ ನಡುವೆ ನಿಂತ ದುಬಾರಿ ಗುಡಿಸಿಲುಗಳೇ ಇಂದು ಈ ದ್ವೀಪದ ಗುರುತಾಗಿಬಿಟ್ಟಿವೆ. ಆದರೆ ಅವುಗಳ ಹುಟ್ಟು ನೆರೆಯ ರಯಾಟಿಯ ದ್ವೀಪದಲ್ಲಿ, ಅದೂ ಕೊರತೆಯಿಂದ! ಅಲ್ಲಿ ಹೇಳಿಕೊಳ್ಳುವಂತಹ ಮರಳಿನ ದಂಡೆಯಿಲ್ಲ. ಆದ್ದರಿಂದ 1960ರ ದಶಕದಲ್ಲಿ ಮೂವರು ಅಮೆರಿಕನ್ ಹೋಟೆಲುದಾರರು ನೀರಿನಲ್ಲಿಯೇ ಕಂಬ ನೆಟ್ಟು ಕೋಣೆ ಕಟ್ಟಿದರು.

ಮರಳು ಹುಟ್ಟಿದಂತೆಯೇ ಅಳಿಯಲೂ ಬಲ್ಲದು. ಹವಾಯಿಯ ದೊಡ್ಡ ದ್ವೀಪದಲ್ಲಿ ಕೈಮೂ ಎಂಬ ಹೆಸರಾಂತ ಕಪ್ಪು ತೀರವಿತ್ತು. 1990ರಲ್ಲಿ ಕಿಲಾವೇಯ ಜ್ವಾಲಾಮುಖಿಯ ಲಾವಾರಸ ಹರಿದುಬಂದು ಆ ತೀರವನ್ನೂ ಸುತ್ತಲ ಮನೆಗಳನ್ನೂ ಮುಚ್ಚಿಹಾಕಿತು. ಲಾವಾದ ಆಚೆ ಕಡಲು ಹೊಸ ಕಪ್ಪು ಮರಳನ್ನು ಕೂಡಿಹಾಕತೊಡಗಿದಾಗ, ಮನೆ ಕಳೆದುಕೊಂಡ ಊರಿನವರು ಅಲ್ಲಿಗೆ ಹೋಗಿ ತೆಂಗಿನ ಸಸಿಗಳನ್ನು ನೆಟ್ಟರು. ಹೊನೊಲುಲುವಿನ ಜಗದ್ವಿಖ್ಯಾತ ವೈಕೀಕಿಯ ಸಂಗತಿ ಬೇರೆ. ಅಲ್ಲಿನ ಮರಳಿನ ಒಂದು ಪಾಲು ಹೊರಗಿನಿಂದ ತಂದು ಸುರಿದದ್ದು; ಕಡಲು ಕೊಚ್ಚಿಕೊಂಡು ಹೋದಂತೆಲ್ಲ ಮತ್ತೆ ತುಂಬಬೇಕು.

ಹವಳಕ್ಕೆ ಒದಗಿರುವ ಆಪತ್ತು ಇನ್ನೂ ದೊಡ್ಡದು. ಮೊರಿಯಾದ ಹೊರದಿಬ್ಬದಲ್ಲಿ ಮುಳ್ಳು ತುಂಬಿದ ಒಂದು ಬಗೆಯ ನಕ್ಷತ್ರಮೀನು ಲೆಕ್ಕವಿಲ್ಲದಂತೆ ಹೆಚ್ಚಿ ಹವಳವನ್ನು ತಿಂದುಹಾಕಿತು. ಅದರ ಮೇಲೆ 2010ರಲ್ಲಿ ಓಲಿ ಚಂಡಮಾರುತ ಬಡಿಯಿತು. ಬಹುಪಾಲು ಹವಳ ಸತ್ತೇಹೋಯಿತು. ವಿಜ್ಞಾನಿಗಳೂ ಬೆರಗಾಗುವಂತೆ ಕೆಲವೇ ವರ್ಷಗಳಲ್ಲಿ ಅದು ಮತ್ತೆ ಚಿಗುರಿತು. ಅಷ್ಟರಲ್ಲಿ, 2019ರಲ್ಲಿ, ಕಡಲಿನ ನೀರು ಅತಿಯಾಗಿ ಬಿಸಿಯಾಗಿ ಹವಳ ಬಿಳಿಚಿಕೊಂಡಿತು. ತನ್ನ ಮೈಯೊಳಗಿದ್ದು ಅನ್ನ ಒದಗಿಸುವ ಸೂಕ್ಷ್ಮ ಪಾಚಿಯನ್ನು ಹವಳದ ಪ್ರಾಣಿ ಬಿಸಿನೀರಿನಲ್ಲಿ ಹೊರಗಟ್ಟುತ್ತದೆ. ಬಿಸಿ ಬೇಗ ಇಳಿಯದಿದ್ದರೆ ಹಸಿವಿನಿಂದ ಸಾಯುತ್ತದೆ. ಹವಳವೇ ಇಲ್ಲವಾದರೆ ಅಲೆಯನ್ನು ತಡೆಯುವ ಗೋಡೆಯೂ ಇಲ್ಲ, ಮರಳಿನ ಕಣಜವೂ ಇಲ್ಲ. ಈ ಸತ್ಯವನ್ನು ದ್ವೀಪವಾಸಿಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸಿನ ಅಲೆಸವಾರಿ ಸ್ಪರ್ಧೆ ಟಹೀಟಿಯ ಟೆಆಹುಪೊದಲ್ಲಿ ನಡೆಯಿತಷ್ಟೆ. ತೀರ್ಪುಗಾರರಿಗಾಗಿ ಹೊಸ ಗೋಪುರ ಕಟ್ಟುವ ಸನ್ನಾಹದಲ್ಲಿ, ಹಿಂದಿನ ವರ್ಷದ ಡಿಸೆಂಬರಿನಲ್ಲಿ, ಸಾಮಾನಿನ ದೋಣಿಯೊಂದು ಹವಳವನ್ನು ಮುರಿಯಿತು. ಮೊದಲೇ ಪ್ರತಿಭಟಿಸುತ್ತಿದ್ದ ಊರಿನವರ ಕೂಗು ಹೆಚ್ಚಿ, ಕೆಲಸ ಕೆಲಕಾಲ ನಿಂತಿತು. ಕೊನೆಗೆ ಮೊದಲ ಯೋಜನೆಗಿಂತ ಚಿಕ್ಕದಾದ ಗೋಪುರ ಎದ್ದಿತು.

ಪಾಲಿನೇಷಿಯಾದ ತೀರಗಳಲ್ಲಿ ಒಂದನ್ನೇ ಆರಿಸಬೇಕೆಂದಾದರೆ, ಆಡಂಬರದ ಬೋರಾ ಬೋರಾಕ್ಕಿಂತ ಸಮೋವಾ ದೇಶದ ಲಾಲೊಮಾನುವೇ ಮಿಗಿಲು. ಉಪೋಲು ದ್ವೀಪದ ಆಗ್ನೇಯ ಮೂಲೆಯಲ್ಲಿ, ಕಡಿದಾದ ಹಸಿರು ಬೆಟ್ಟದ ಬುಡದಲ್ಲಿ, ಬಿಳಿಯ ಮರಳಿನ ಕಿರಿದಾದ ಪಟ್ಟಿ ಅದು. 2009ರ ಸೆಪ್ಟೆಂಬರ್ 29ರಂದು, ಬೆಳಗಿನ ಏಳು ಗಂಟೆಗೆ ಸ್ವಲ್ಪ ಮೊದಲು ಭೂಮಿ ಕಂಪಿಸಿತು. ಸ್ವಲ್ಪ ಹೊತ್ತಿನಲ್ಲೇ ಕಡಲು ಗೋಡೆಯಂತೆ ಎದ್ದು ಬಂತು. ಸಮೋವಾದಲ್ಲಿ 140ಕ್ಕೂ ಹೆಚ್ಚು ಮಂದಿ ಮಡಿದರು. ಲಾಲೊಮಾನುವಿನ ತೀರದಲ್ಲಿದ್ದ ಗುಡಿಸಿಲುಗಳೆಲ್ಲ ನೆಲಸಮವಾದವು. ಒಂದೇ ಮನೆಯ ಹಿರಿಯರೂ ಮಕ್ಕಳೂ ಒಟ್ಟಿಗೆ ಕೊಚ್ಚಿಹೋದರು. ಅಳಿದುಳಿದವರಲ್ಲಿ ಕೆಲವರು ಬೆಟ್ಟದ ಮೇಲಕ್ಕೆ ಮನೆ ಬದಲಿಸಿದರು. ಆದರೆ ತೀರವನ್ನು ಬಿಡಲಿಲ್ಲ. ಅದೇ ಮರಳಿನ ಮೇಲೆ ಮತ್ತೆ ‘ಫಾಲೆ’ಗಳನ್ನು ಕಟ್ಟಿದರು.

ಫಾಲೆಗೆ ಗೋಡೆಯಿಲ್ಲ. ನಾಲ್ಕಾರು ಕಂಬ, ಮೇಲೊಂದು ಮಾಡು, ನೆಲದ ಮೇಲೆ ಹಾಸಿಗೆ, ಸೊಳ್ಳೆಪರದೆ. ಗಾಳಿಯಾದರೆ ಇಳಿಬಿಡಲು ಗರಿಯ ತಟ್ಟಿ. ಹೋಟೆಲಿನ ಭೋಗಗಳನ್ನು ಬಯಸುವವರಿಗೆ ಇದು ಸಲ್ಲದು. ಆದರೆ ಮಲಗಿದಲ್ಲಿಂದಲೇ ನುಸುಕಿನಲ್ಲಿ ಕಡಲು ಬಣ್ಣ ಪಡೆಯುವುದನ್ನು ಕಾಣಬಹುದು. ಊಟ ಮನೆಯವರೊಡನೆ. ಸಮೋವಾದ ನೆಲದಲ್ಲಿ ನೂರಕ್ಕೆ ಸುಮಾರು 80 ಭಾಗ ಕುಟುಂಬ ಮತ್ತು ಗ್ರಾಮಗಳ ಪಾರಂಪರಿಕ ಆಸ್ತಿ. ಆದ್ದರಿಂದ ಈಜಲು ಬಂದವರು ಊರಿನವರ ಕೈಗೆ ಕೆಲವು ತಾಲಾ ಹಣ ಕೊಟ್ಟು ತೀರಕ್ಕಿಳಿಯುವುದು ವಾಡಿಕೆ.

ಹೋಗಬಯಸುವವರಿಗೆ ಮೇ ತಿಂಗಳಿನಿಂದ ಅಕ್ಟೋಬರಿನವರೆಗಿನ ಕಾಲ ಪ್ರಶಸ್ತ. ನವೆಂಬರಿನ ಬಳಿಕ ಮಳೆ ಮತ್ತು ಚಂಡಮಾರುತಗಳ ಭಯ. ಭಾನುವಾರ ಊರಿಗೆ ಊರೇ ಪ್ರಾರ್ಥನೆಯಲ್ಲೂ ವಿಶ್ರಾಂತಿಯಲ್ಲೂ ಕಳೆಯುತ್ತದೆ. ಕೆಲವು ಗ್ರಾಮಗಳಲ್ಲಿ ಆ ದಿನ ಈಜುವಂತಿಲ್ಲ. ಸಂಜೆ ಕತ್ತಲಾಗುವ ಹೊತ್ತಿಗೆ ಶಂಖವೋ ಗಂಟೆಯೋ ಮೊಳಗಿದರೆ ಅದು ಮನೆಮನೆಯ ಪ್ರಾರ್ಥನೆಯ ಸಮಯ. ಆಗ ಪ್ರವಾಸಿಯೂ ಬೀದಿಯಲ್ಲಿ ನಡೆಯದೆ ಇದ್ದಲ್ಲೇ ಸುಮ್ಮನೆ ಕುಳಿತಿರಬೇಕು. ಹತ್ತು ಹದಿನೈದು ನಿಮಿಷಗಳಲ್ಲಿ ಮತ್ತೊಮ್ಮೆ ಗಂಟೆ ಬಾರಿಸುತ್ತದೆ; ಮಕ್ಕಳು ಚೆಂಡು ಹಿಡಿದು ಮರಳಿಗೆ ಓಡುತ್ತಾರೆ.