ಹಾಲು ಕರೆಯುವ ಯಂತ್ರದ ಲೈನರ್: ನಾವೇ ಬದಲಿಸಬಹುದೇ?



ಕರೆಯುವ ಯಂತ್ರದಲ್ಲಿ ಹಸುವಿನ ಮೊಲೆತೊಟ್ಟನ್ನು ಹಿಡಿಯುವ ಭಾಗವೇ ಲೈನರ್. ರಬ್ಬರ್ ಲೈನರ್ ಹಳೆಯದಾದಂತೆ ಬಿಗಿ ಕಳೆದುಕೊಂಡು ಒಳಗೆ ಸಣ್ಣ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಸೇರಿದ ರೋಗಾಣು ತೊಳೆದರೂ ಪೂರ್ತಿ ಹೋಗುವುದಿಲ್ಲ. ಒಂದು ಹಸುವಿನ ಕೆಚ್ಚಲುಬಾವು ಇನ್ನೊಂದಕ್ಕೆ ಹರಡಬಹುದು.

ಯಾವಾಗ ಬದಲಿಸಬೇಕು? ಸಾಮಾನ್ಯವಾಗಿ 2,500 ಸಲ ಹಸು ಕರೆದ ನಂತರ. ಒಂದೇ ಯಂತ್ರದಲ್ಲಿ 7 ಹಸುಗಳನ್ನು ದಿನಕ್ಕೆ 2 ಸಲ ಕರೆದರೆ ಅದು ಸುಮಾರು 6 ತಿಂಗಳು. ಬಿರುಕು, ಉಬ್ಬು ಕಂಡರೆ ಅವಧಿಗೆ ಕಾಯಬೇಡಿ.

ಈ ಕೆಲಸ ನೀವೇ ಮಾಡಬಹುದು. ಮೊದಲು ಯಂತ್ರ ನಿಲ್ಲಿಸಿ ಪ್ಲಗ್ ತೆಗೆಯಿರಿ. ನಿಮ್ಮ ಯಂತ್ರದ ಕಪ್ಪಿಗೆ ಹೊಂದುವ ಲೈನರ್‌ಗಳನ್ನೇ ತಂದು, ನಾಲ್ಕನ್ನೂ ಒಟ್ಟಿಗೆ ಬದಲಿಸಿ. ಲೈನರ್ ತಿರುಚಿಕೊಳ್ಳದಂತೆ ಎರಡೂ ತುದಿಯ ಗುರುತು ಒಂದೇ ಗೆರೆಯಲ್ಲಿರಲಿ. ನಂತರ ಯಂತ್ರ ನಡೆಸಿ, ಒಂದೊಂದರಲ್ಲೂ ಶುಚಿಯಾದ ಹೆಬ್ಬೆರಳಿಟ್ಟು ನೋಡಿ. ಹಿಸುಕುವುದು, ಬಿಡುವುದು ನಾಲ್ಕರಲ್ಲೂ ಸಮವಾಗಿರಬೇಕು.

ಆದರೆ ವ್ಯಾಕ್ಯೂಮ್ ರೆಗ್ಯುಲೇಟರ್ ಮತ್ತು ಪಲ್ಸೇಟರ್ ಬಿಚ್ಚಬೇಡಿ. ಎಳೆತ ಹೆಚ್ಚಾದರೆ ತೊಟ್ಟಿನ ತುದಿ ಗಟ್ಟಿಯಾಗುತ್ತದೆ, ಹಸು ಒದೆಯುತ್ತದೆ. ಕಡಿಮೆಯಾದರೆ ಕಪ್ಪು ಜಾರುತ್ತದೆ. ಇವನ್ನು ಮಾಪಕವಿಲ್ಲದೆ ಸರಿಪಡಿಸಲಾಗದು. ಕಣ್ಣಿಗೆ, ಬೆರಳಿಗೆ ತಿಳಿಯುವ ಕೆಲಸ ನಿಮ್ಮದು. ಮಾಪಕ ಬೇಕಾದ ಕೆಲಸ ಮೆಕ್ಯಾನಿಕ್‌ನದು.

ಬದಲಿಸಿದ ದಿನಾಂಕವನ್ನು ಕೊಟ್ಟಿಗೆಯ ಗೋಡೆಯ ಮೇಲೆ ಬರೆದಿಡಿ. ಹಾಲಿನಲ್ಲಿ ಗರಣೆ ಕಂಡರೆ, ಕೆಚ್ಚಲು ಊದಿದರೆ, ತಡಮಾಡದೆ ಸಂಘದ ಮೂಲಕ ಪಶುವೈದ್ಯರಿಗೆ ತಿಳಿಸಿ.