ಕೈ ಬದಲಾದ ಎಸ್‌ಯುವಿ: ಕೊಳ್ಳುವ ಮುನ್ನ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳಲು ಬಂದ ರೈತನನ್ನು ನೀವು ನೋಡಿರಬಹುದು. ಆತ ಮೊದಲು ಬಾಯಿ ತೆರೆಸಿ ಹಲ್ಲು ನೋಡುತ್ತಾನೆ. ಆಮೇಲೆ ಸುಳಿ ನೋಡುತ್ತಾನೆ, ಗೊರಸು ಮುಟ್ಟುತ್ತಾನೆ, ಹತ್ತು ಹೆಜ್ಜೆ ನಡೆಸುತ್ತಾನೆ. ಕೊಂಬಿಗೆ ಬಳಿದ ಬಣ್ಣಕ್ಕೂ ಕೊರಳ ಗೆಜ್ಜೆಗೂ ಮರುಳಾಗುವವನಲ್ಲ. ಅದೇ ಮನುಷ್ಯ ರೇಷ್ಮೆಗೂಡಿಗೆ ಒಳ್ಳೆಯ ಬೆಲೆ ಬಂದ ವರ್ಷ ಬೆಂಗಳೂರಿಗೆ ಹೋಗಿ ಹಳೆಯ ಎಸ್‌ಯುವಿ ಒಂದನ್ನು ಕೊಳ್ಳುವಾಗ ಮಾತ್ರ ಬಣ್ಣ ನೋಡುತ್ತಾನೆ, ಸೀಟಿನ ಹೊದಿಕೆ ನೋಡುತ್ತಾನೆ, ಮೀಟರಿನ ಅಂಕಿ ನೋಡುತ್ತಾನೆ, ಮುಂಗಡ ಕೊಟ್ಟುಬಿಡುತ್ತಾನೆ. ಎತ್ತಿನ ವಿಷಯದಲ್ಲಿ ತೋರಿದ ಎಚ್ಚರವನ್ನು ಗಾಡಿಯ ವಿಷಯದಲ್ಲೂ ತೋರುವುದು ಹೇಗೆಂಬುದನ್ನು ಇಲ್ಲಿ ತಿಳಿಸಬೇಕೆಂದಿದ್ದೇನೆ.

ಎಸ್‌ಯುವಿ ಎಂದರೆ ನಮ್ಮ ಹಿರಿಯರು ‘ಜೀಪು’ ಎನ್ನುತ್ತಿದ್ದ ವಂಶದ ಗಾಡಿ. ನೆಲದಿಂದ ಎತ್ತರ, ದೊಡ್ಡ ಚಕ್ರ, ಕೆಟ್ಟ ದಾರಿಗೆ ಅಂಜದ ಮೈಕಟ್ಟು. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಕಂಪನಿಯವರು ವಿಲ್ಲಿಸ್ ಜೀಪನ್ನು ನಮ್ಮ ದೇಶದಲ್ಲಿ ಜೋಡಿಸತೊಡಗಿದರು. ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟದವರಿಗೆ ಅದು ಅಂದಿನಿಂದಲೂ ಮನೆಯ ಗಾಡಿ. 1998ರಲ್ಲಿ ಟಾಟಾ ಸಫಾರಿ, 2000ದಲ್ಲಿ ಬೊಲೆರೊ, 2002ರಲ್ಲಿ ಸ್ಕಾರ್ಪಿಯೊ ಬಂದವು. 2012ರ ಡಸ್ಟರ್, 2015ರ ಕ್ರೆಟಾ, 2016ರ ಬ್ರೆಝಾಗಳಿಂದ ಈಚೆಗಂತೂ ಪೇಟೆಯ ಬೀದಿಗಳಲ್ಲಿ ಇಂಥವೇ ಹೆಚ್ಚು. ಹೊಸದಾಗಿ ಬಂದವು ಹಳೆಯದಾಗಲೇಬೇಕಲ್ಲ! ಆದ್ದರಿಂದ ಕೈ ಬದಲಾಯಿಸುವ ಪೇಟೆಯೂ ದೊಡ್ಡದಾಗಿದೆ.

ಇಲ್ಲಿ ಮೊದಲು ತಿಳಿಯಬೇಕಾದ ಮಾತೊಂದುಂಟು. ಈ ಗಾಡಿಗಳ ಗಟ್ಟಿತನವೇ ಕೊಳ್ಳುವವನನ್ನು ಮೋಸಗೊಳಿಸುವುದು. ಚಿಕ್ಕ ಕಾರು ದಣಿದರೆ ಕೂಡಲೇ ಹೇಳಿಬಿಡುತ್ತದೆ, ಕುಲುಕುತ್ತದೆ, ಕಿರುಗುಟ್ಟುತ್ತದೆ. ಎಸ್‌ಯುವಿ ಹಾಗಲ್ಲ. ಅರ್ಧ ಆಯುಷ್ಯ ತೇದುಹೋದರೂ ಗಂಭೀರವಾಗಿ ನಿಂತಿರುತ್ತದೆ. ಹೀಗಾಗಿ ‘ಎಷ್ಟು ವರ್ಷದ ಗಾಡಿ?’ ಎಂದು ಕೇಳುವುದಕ್ಕಿಂತ ‘ಎಂಥ ಬಾಳು ಬಾಳಿದ ಗಾಡಿ?’ ಎಂದು ಕೇಳುವುದು ಮೇಲು. ಹತ್ತು ವರ್ಷ ಹೆದ್ದಾರಿಯಲ್ಲಿ ಓಡಿ ಹೊತ್ತುಹೊತ್ತಿಗೆ ಎಣ್ಣೆ ಬದಲಾಯಿಸಿಕೊಂಡ ಗಾಡಿಯು, ನಾಲ್ಕೇ ವರ್ಷ ಬಳ್ಳಾರಿಯ ಗಣಿಯ ಕೆಂಧೂಳನ್ನು ಕುಡಿದ ಗಾಡಿಗಿಂತ ಚೆನ್ನಾಗಿರುವುದುಂಟು.

ಮೀಟರಿನ ಅಂಕಿಯನ್ನು ನಂಬಬೇಡಿ. ಎಲೆಕ್ಟ್ರಾನಿಕ್ ಮೀಟರನ್ನೂ ಹಿಂದಕ್ಕೆ ತಿರುಗಿಸಬಲ್ಲವರು ಇದ್ದಾರೆ. ನಲವತ್ತು ಸಾವಿರ ಕಿಲೋಮೀಟರ್ ಓಡಿದೆ ಎಂದು ಮೀಟರು ಹೇಳುತ್ತಿರುವಾಗ ಕ್ಲಚ್ ಪೆಡಲಿನ ರಬ್ಬರು ನುಣುಪಾಗಿ ಸವೆದಿದ್ದರೆ, ಸ್ಟೀರಿಂಗಿನ ಚರ್ಮ ಹೊಳೆಯುತ್ತಿದ್ದರೆ, ಚಾಲಕನ ಸೀಟಿನ ಅಂಚು ಕುಸಿದಿದ್ದರೆ, ಆ ಇಬ್ಬರು ಸಾಕ್ಷಿಗಳಲ್ಲಿ ಸುಳ್ಳು ಹೇಳುತ್ತಿರುವವನು ಯಾರೆಂದು ನೀವೇ ತೀರ್ಮಾನಿಸಬಹುದು. ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ಪ್ರತಿ ಸಲವೂ ಓಟದ ಅಂಕಿ ಬರೆದಿಟ್ಟಿರುತ್ತಾರೆ. ಮಾರುವವರಿಂದ ಆ ದಾಖಲೆ ತರಿಸಿ ನೋಡಿ. ಟೈರಿನ ಪಕ್ಕೆಯ ಮೇಲೆ ನಾಲ್ಕು ಅಂಕಿಗಳ ಒಂದು ಗುರುತಿರುತ್ತದೆ. ಅದು 2319 ಎಂದಿದ್ದರೆ, 2019ನೆಯ ವರ್ಷದ 23ನೆಯ ವಾರದಲ್ಲಿ ತಯಾರಾದ ಟೈರು ಎಂದರ್ಥ. ಗಾಡಿ 2019ರದು, ಓಟ ಮೂವತ್ತು ಸಾವಿರ, ಟೈರುಗಳು ಮಾತ್ರ 2023ರವು ಎಂದಾದರೆ, ಹಳೆಯ ಟೈರುಗಳು ಅಷ್ಟು ಬೇಗ ಸವೆದದ್ದೇಕೆ ಎಂದು ಕೇಳುವ ಹಕ್ಕು ನಿಮಗಿದೆ.

ಇನ್ನು ಗಾಡಿಯ ಎಲುಬಿನ ವಿಚಾರ. ಎಸ್‌ಯುವಿಗಳಲ್ಲಿ ಎರಡು ಜಾತಿ. ಬೊಲೆರೊ, ಸ್ಕಾರ್ಪಿಯೊ, ಫಾರ್ಚ್ಯೂನರ್‌ಗಳಿಗೆ ಲಾರಿಯಂತೆ ಕೆಳಗೆ ಏಣಿಯಾಕಾರದ ಉಕ್ಕಿನ ಚಾಸಿ ಇರುತ್ತದೆ. ಅದರ ಮೇಲೆ ಮೈಯನ್ನು ಕೂರಿಸಿ ಬೋಲ್ಟು ಬಿಗಿದಿರುತ್ತಾರೆ. ಕ್ರೆಟಾ, ಬ್ರೆಝಾ, ಡಸ್ಟರ್‌ಗಳಿಗೆ ಬೇರೆ ಚಾಸಿ ಇಲ್ಲ. ಕಾರಿನಂತೆ ಮೈಯೇ ಎಲುಬು. ಹೆಸರನ್ನು ನೋಡಿ ಜಾತಿ ಹೇಳಲಾಗದು. 1998ರ ಸಫಾರಿ ಮೊದಲನೆಯ ಜಾತಿಯದು; 2021ರಲ್ಲಿ ಅದೇ ಹೆಸರಿನಿಂದ ಬಂದದ್ದು ಎರಡನೆಯದು. ಚಾಸಿಯ ಗಾಡಿ ಹೊರೆಗೂ ಹಳ್ಳದಿಣ್ಣೆಗೂ ಹೆಚ್ಚು ತಾಳುತ್ತದೆ, ನಿಜ. ಆದರೆ ಅಪಘಾತದಲ್ಲಿ ಚಾಸಿ ಬಾಗಿದ್ದರೆ ಮೇಲಿನ ಮೈಯನ್ನು ಎಷ್ಟು ಅಂದವಾಗಿ ತಿದ್ದಿದರೂ ಚಕ್ರಗಳು ಮತ್ತೆ ನೇರಕ್ಕೆ ಬರುವುದು ಕಷ್ಟ. ಗಾಡಿಯನ್ನು ಗ್ಯಾರೇಜಿನ ಲಿಫ್ಟಿನ ಮೇಲೆ ಏರಿಸಿ, ಚಾಸಿಯ ಉದ್ದಕ್ಕೂ ಟಾರ್ಚು ಹಿಡಿದು ನೋಡಿ. ಎಲ್ಲಿಯಾದರೂ ಹೊಸ ವೆಲ್ಡಿಂಗು, ಅಲ್ಲಿಗಷ್ಟೇ ಬಳಿದ ಕಪ್ಪು ಬಣ್ಣ ಕಂಡರೆ ಬೆಲೆ ಎಷ್ಟೇ ಕಡಿಮೆಯಿರಲಿ, ಆ ಗಾಡಿ ಬೇಡ.

ಮಂಗಳೂರು, ಉಡುಪಿ, ಕಾರವಾರಗಳ ಗಾಡಿಗೆ ಇನ್ನೊಂದು ಪರೀಕ್ಷೆ ಬೇಕು. ಕಡಲ ಗಾಳಿಯ ಉಪ್ಪು ಉಕ್ಕನ್ನು ಒಳಗಿನಿಂದ ತಿನ್ನುತ್ತದೆ. ಹಿಂದಿನ ಸ್ಪ್ರಿಂಗುಗಳು ಚಾಸಿಗೆ ಸೇರುವ ಜಾಗ, ಬಾಗಿಲುಗಳ ಕೆಳ ಅಂಚು, ಹೊಗೆಕೊಳವೆ, ಇಲ್ಲೆಲ್ಲ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಬೇಕು. ಗಟ್ಟಿ ಉಕ್ಕು ಠಣ್ ಎನ್ನುತ್ತದೆ, ತಿಂದುಹೋದದ್ದು ಮಂಕಾಗಿ ಸದ್ದು ಮಾಡುತ್ತದೆ. ಮೇಲ್ಮೈಯ ಕಂದು ಬಣ್ಣಕ್ಕೆ ಹೆದರಬೇಕಾಗಿಲ್ಲ. ಪದರಪದರವಾಗಿ ಏಳುವ ತುಕ್ಕಿಗೆ ಹೆದರಬೇಕು.

ನೀರಿನಲ್ಲಿ ಮುಳುಗಿದ ಗಾಡಿಗಳ ಕಥೆ ಇದಕ್ಕಿಂತ ಕೆಟ್ಟದ್ದು. 2015ರಲ್ಲಿ ಚೆನ್ನೈ, 2018ರಲ್ಲಿ ಕೇರಳ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತಿನ ಬಡಾವಣೆಗಳು ನೆರೆಗೆ ಸಿಕ್ಕಾಗ ಬೆಲೆಬಾಳುವ ಗಾಡಿಗಳೆಷ್ಟೋ ನೀರು ಕುಡಿದು ನಿಂತವು. ವಿಮೆಯವರು ಪೂರ್ತಿ ನಷ್ಟವೆಂದು ತೀರಿಸಿದ ಗಾಡಿಗಳು ಹರಾಜಿನಲ್ಲಿ ಯಾರದೋ ಪಾಲಾಗಿ, ತೊಳೆದು ಒಣಗಿಸಿಕೊಂಡು, ಬೇರೆ ಊರಿನಲ್ಲಿ ಮಾರಾಟಕ್ಕೆ ನಿಲ್ಲುವುದುಂಟು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ. ಒಳಗೆ ಸುತ್ತಿಕೊಂಡಿರುವ ಭಾಗದಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಕಾರ್ಪೆಟ್ಟಿನ ಕೆಳಗೆ ಕೈಯಿಟ್ಟು ನೋಡಿ. ಸೀಟು ಬಿಗಿದ ಬೋಲ್ಟುಗಳು ತುಕ್ಕು ಹಿಡಿದಿವೆಯೆ, ತಂತಿಗಳು ಸೇರುವಲ್ಲಿ ಹಸಿರು ಕಿಲುಬು ಕಟ್ಟಿದೆಯೆ ನೋಡಿ. ಒಳಗೆ ಸುಗಂಧದ ಡಬ್ಬಿಗಳು ಮಿತಿಮೀರಿದ್ದರೆ ಅವನ್ನು ಹೊರಗಿಟ್ಟು, ಕಿಟಕಿ ಮುಚ್ಚಿ ಹತ್ತು ನಿಮಿಷ ಕೂತುಕೊಳ್ಳಿ. ಮೂಗಿಗೆ ತಿಳಿಯುತ್ತದೆ.

ಎಂಜಿನಿನ ಪರೀಕ್ಷೆಗೆ ಬೆಳಗಿನ ಹೊತ್ತೇ ಸರಿ. ನೀವು ಬರುವ ಮೊದಲೇ ಮಾರುವವರು ಎಂಜಿನನ್ನು ಬಿಸಿ ಮಾಡಿಟ್ಟಿದ್ದರೆ ಅದರ ಹಿಂದೆ ಏನೋ ಇದೆ ಎಂದು ತಿಳಿಯಿರಿ. ಬಾನೆಟ್ಟಿನ ಮೇಲೆ ಅಂಗೈ ಇಟ್ಟರೆ ಗೊತ್ತಾಗುತ್ತದೆ. ತಣ್ಣಗಿದ್ದಾಗ ಚಾಲೂ ಮಾಡಿಸಿ, ಹಿಂದೆ ನಿಂತು ಹೊಗೆಯನ್ನು ನೋಡಿ. ನೀಲಿ ಹೊಗೆಯಾದರೆ ಎಂಜಿನು ತನ್ನ ಎಣ್ಣೆಯನ್ನೇ ಸುಡುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ತಂಪಿನ ನೀರು ಒಳಗೆ ಸೋರುತ್ತಿರಬಹುದು. ಡೀಸೆಲ್ ಸರಿಯಾಗಿ ಉರಿಯದೆಯೂ ಹಾಗಾಗುತ್ತದೆ. ಕಪ್ಪು ಹೊಗೆ ಇಂಜೆಕ್ಟರ್, ಟರ್ಬೊಗಳ ಕಡೆಗೆ ಬೆರಳು ತೋರಿಸುತ್ತದೆ. ಈಗಿನ ಡೀಸೆಲ್ ಎಂಜಿನುಗಳಲ್ಲಿ ಇಂಜೆಕ್ಟರ್, ಟರ್ಬೊ ಎರಡೂ ದುಬಾರಿಯ ಸಾಮಾನುಗಳು. ಹಳೆಯ ಬೊಲೆರೊ ಕೆಟ್ಟರೆ ಹಳ್ಳಿಯ ಮೇಸ್ತ್ರಿಯೇ ಮರದ ನೆರಳಿನಲ್ಲಿ ಬಿಚ್ಚಿ ಜೋಡಿಸುತ್ತಿದ್ದ; ಈಗಿನವಕ್ಕೆ ಕಂಪ್ಯೂಟರ್ ಹಿಡಿದು ಬರುವವನು ಬೇಕು. ಕೊಳ್ಳುವ ಮೊದಲೇ ಅವನನ್ನು ಕರೆದು ಸ್ಕ್ಯಾನರ್ ಹಚ್ಚಿಸುವುದು ಜಾಣತನ. ಗಾಡಿಯ ಕಂಪ್ಯೂಟರು ನೆನಪಿಟ್ಟುಕೊಂಡ ದೋಷಗಳನ್ನು ಅದು ಓದಿ ಹೇಳುತ್ತದೆ. ದೋಷಗಳನ್ನು ಹಿಂದಿನ ದಿನವೇ ಅಳಿಸಿಬಿಟ್ಟಿರುವ ಸಂಭವವೂ ಉಂಟು. ಅಂಥ ಅನುಮಾನವಿದ್ದರೆ ಒಂದಷ್ಟು ದೂರ ಓಡಿಸಿದ ಮೇಲೆ ಇನ್ನೊಮ್ಮೆ ಹಚ್ಚಿಸಿ.

ಡಸ್ಟರ್‌ನ ಡೀಸೆಲ್ ಎಂಜಿನಿನಲ್ಲಿ ಟೈಮಿಂಗ್ ಬೆಲ್ಟು ಎಂಬ ಹಲ್ಲಿನ ಪಟ್ಟಿಯೊಂದಿದೆ. ಕೆಲವು ಬೇರೆ ಗಾಡಿಗಳಲ್ಲಿ ಆ ಕೆಲಸವನ್ನು ಸರಪಣಿ ಮಾಡುತ್ತದೆ. ಪಟ್ಟಿಯನ್ನು ಕಂಪನಿಯವರು ಹೇಳಿದ ಗಡುವಿಗೆ ಬದಲಾಯಿಸಲೇಬೇಕು. ಅದು ಓಟದಲ್ಲಿ ಹರಿದರೆ ಪಿಸ್ಟನ್ನು ಹೋಗಿ ವಾಲ್ವಿಗೆ ಬಡಿದು ಎಂಜಿನೇ ಹಾಳಾಗುತ್ತದೆ. ಬದಲಾಯಿಸಿದ ಬಿಲ್ಲು ತೋರಿಸಿದರೆ ಸರಿ. ಇಲ್ಲವಾದರೆ ಬದಲಾಯಿಸಿಲ್ಲವೆಂದೇ ಲೆಕ್ಕ ಹಾಕಿ, ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

2020ರ ಏಪ್ರಿಲ್ 1ರಿಂದ ಬಿಎಸ್-6 ಎಂಬ ಹೊಗೆಯ ನಿಯಮ ಜಾರಿಗೆ ಬಂತು. ಆ ಮೇಲಿನ ಡೀಸೆಲ್ ಎಸ್‌ಯುವಿಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಒಂದು ಸೋಸುಕ ಇರುತ್ತದೆ. ಗಾಡಿ ಹೆದ್ದಾರಿಯಲ್ಲಿ ಒಂದಷ್ಟು ಹೊತ್ತು ಒಂದೇ ವೇಗದಲ್ಲಿ ಓಡಿದಾಗ ಅದರ ಶಾಖಕ್ಕೆ ಮಸಿ ಸುಟ್ಟು ಬೂದಿಯಾಗುತ್ತದೆ. ದಿನವೂ ಮಕ್ಕಳನ್ನು ಶಾಲೆಗೆ ಬಿಟ್ಟು, ತರಕಾರಿ ತಂದು ಮನೆ ಸೇರುವ ಗಾಡಿಗೆ ಆ ಅವಕಾಶವೇ ಇಲ್ಲ. ಮಸಿ ಕಟ್ಟಿಕೊಳ್ಳುತ್ತದೆ, ದೀಪ ಹತ್ತುತ್ತದೆ, ಎಂಜಿನು ಸೊರಗುತ್ತದೆ. ‘ಊರೊಳಗೆ ಮಾತ್ರ ಓಡಿದ ಡೀಸೆಲ್ ಗಾಡಿ’ ಎಂದು ಮಾರುವವರು ಹೆಮ್ಮೆಯಿಂದ ಹೇಳಿದರೆ, ಅದು ನಿಮಗೆ ಎಚ್ಚರಿಕೆಯ ಮಾತಾಗಲಿ. ನಿಮ್ಮ ಓಡಾಟವೂ ಊರೊಳಗಿನದೇ ಆಗಿದ್ದರೆ ಪೆಟ್ರೋಲ್ ಗಾಡಿಯನ್ನೇ ನೋಡಿ. ಡೀಸೆಲಿನ ಉಳಿತಾಯ ಒಂದು ಸೋಸುಕದ ಬೆಲೆಗೆ ಸರಿಹೋಗಿಬಿಡುತ್ತದೆ.

ನಾಲ್ಕೂ ಚಕ್ರಗಳಿಗೆ ಬಲ ಕೊಡುವ ಗಾಡಿಯೇ ಬೇಕೆಂಬ ಆಸೆ ಎಷ್ಟೋ ಮಂದಿಗೆ. ಮಲೆನಾಡಿನ ತೋಟದವರಿಗೆ ಅದು ಬೇಕಾದದ್ದೇ. ಮಿಕ್ಕವರಿಗೆ ಬಹುಮಟ್ಟಿಗೆ ಶೋಕಿ. ಜೀಪಿನ ಮಾದರಿಯ ಹಳೆಯ ಏರ್ಪಾಡಿನಲ್ಲಿ ನಾಲ್ಕು ಚಕ್ರದ ಬಲವನ್ನು ಕೆಸರು, ಮರಳುಗಳಲ್ಲಿ ಮಾತ್ರ ಹಾಕಬೇಕು. ಒಣ ಟಾರು ರಸ್ತೆಯಲ್ಲಿ ಹಾಕಿಕೊಂಡು ತಿರುವುಗಳಲ್ಲಿ ಓಡಿಸಿದರೆ ಮುಂದಿನ ಹಿಂದಿನ ಚಕ್ರಗಳ ಓಟದ ವ್ಯತ್ಯಾಸಕ್ಕೆ ಎಡೆಯಿಲ್ಲದೆ ಹಲ್ಲುಗಾಲಿಗಳು ಬಿಗಿದು ಸವೆಯುತ್ತವೆ. ಆದ್ದರಿಂದ ಪರೀಕ್ಷೆಗೆ ಹೋದಾಗ ಮಣ್ಣಿನ ದಾರಿಗೆ ಇಳಿಸಿ, ಅದನ್ನು ಹಾಕಿಸಿ, ತೆಗೆಸಿ ನೋಡಿ. ಬರಿಯ ದೀಪ ಹತ್ತಿದರೆ ಸಾಲದು; ಮುಂದಿನ ಚಕ್ರಗಳು ನಿಜವಾಗಿ ಎಳೆಯಬೇಕು.

ಇನ್ನುಳಿದ ಪರೀಕ್ಷೆಗಳನ್ನು ಓಡಿಸುತ್ತಲೇ ಮಾಡಬಹುದು. ಏರಿನಲ್ಲಿ ಮೂರನೆಯ ಗೇರಿನಲ್ಲಿ ಒತ್ತಿ ಹಿಡಿದಾಗ ಎಂಜಿನಿನ ಸದ್ದು ಏರಿ ಗಾಡಿ ಏರದಿದ್ದರೆ ಕ್ಲಚ್ಚು ಜಾರುತ್ತಿದೆ. ಹಂಪುಗಳ ಮೇಲೆ ಕೆಳಗಿನಿಂದ ಟಕ್ ಟಕ್ ಎಂದರೆ ಬುಷ್ಷು, ಬಾಲ್ ಜಾಯಿಂಟುಗಳು ಸವೆದಿವೆ. ಇದು ಈ ಗಾಡಿಗಳಲ್ಲಿ ಸರ್ವೇಸಾಮಾನ್ಯ, ರಿಪೇರಿಯೂ ಸುಲಭ. ಇಷ್ಟಕ್ಕೇ ಗಾಡಿಯನ್ನು ಬಿಡಬೇಕಾಗಿಲ್ಲ. ಚೌಕಾಶಿಗೆ ಒಳ್ಳೆಯ ಆಧಾರವಾಗುತ್ತದೆ.

ಸಾಮಾನು ಸಿಕ್ಕುವ ಪ್ರಶ್ನೆಯನ್ನು ಮರೆಯಬೇಡಿ. ಷೆವರ್ಲೆ ಹೆಸರಿನ ಗಾಡಿಗಳ ಮಾರಾಟ ನಮ್ಮಲ್ಲಿ 2017ರ ಕೊನೆಗೆ ನಿಂತಿತು. ಇಲ್ಲಿನ ತಯಾರಿಕೆಯನ್ನು ನಿಲ್ಲಿಸುವುದಾಗಿ ಫೋರ್ಡ್ ಕಂಪನಿ 2021ರಲ್ಲಿ ಸಾರಿತು. ಅವರ ಎಂಡೆವರ್, ಇಕೋಸ್ಪೋರ್ಟ್ ಓಡಿಸಲು ಬಹಳ ಹಿತವಾದ ಗಾಡಿಗಳೆಂದು ನಾನೂ ಒಪ್ಪುತ್ತೇನೆ. ಆದರೆ ಮುಂಗಡ ಕೊಡುವ ಮೊದಲು ನಿಮ್ಮೂರಿನ ಗ್ಯಾರೇಜಿನವರನ್ನು ಕೇಳಿ: ಈ ಗಾಡಿಯ ಹೆಡ್‌ಲೈಟು, ಈ ಗಾಡಿಯ ಕ್ಲಚ್ಚು ಎಷ್ಟು ದಿನಕ್ಕೆ ತರಿಸಿಕೊಡುವಿರಿ? ಅವರ ಉತ್ತರ ‘ನಾಳೆ’ ಎಂದೋ ‘ನೋಡೋಣ’ ಎಂದೋ ಎಂಬುದರ ಮೇಲೆ ನಿಮ್ಮ ತೀರ್ಮಾನ ನಿಲ್ಲಬೇಕು. ಯಾವ ಗಾಡಿಯೇ ಆಗಲಿ, ಬೆಲೆಯ ಹತ್ತರಲ್ಲೊಂದು ಪಾಲನ್ನು ಮೊದಲ ವರ್ಷದ ರಿಪೇರಿಗೆಂದು ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ಇದ್ದ ಹಣವನ್ನೆಲ್ಲ ಸುರಿದು ಕೊಂಡವರ ಗಾಡಿ ಒಂದು ಟರ್ಬೊ ಕೆಟ್ಟೊಡನೆ ಅಂಗಳದಲ್ಲಿ ನಿಂತುಬಿಡುತ್ತದೆ.

ಕಡೆಗೆ ಕಾಗದಪತ್ರ. ಇಲ್ಲಿ ಆಗುವ ನಷ್ಟ ಎಂಜಿನಿನ ನಷ್ಟಕ್ಕಿಂತ ದೊಡ್ಡದು. ಬಿಳಿ ಬೋರ್ಡಿನ ಗಾಡಿ ಹಿಂದೆ ಹಳದಿ ಬೋರ್ಡಿನಲ್ಲಿ ಬಾಡಿಗೆಗೆ ಓಡಿತ್ತೆ, ಬ್ಯಾಂಕಿನ ಸಾಲದ ನಮೂದು ಇನ್ನೂ ಇದೆಯೆ, ಕಟ್ಟದ ದಂಡಗಳೆಷ್ಟು ಎಂಬುದನ್ನು ಸಾರಿಗೆ ಇಲಾಖೆಯ ದಾಖಲೆಯಲ್ಲಿ ನೋಡಬಹುದು. ಸಾಲ ತೀರಿದೆ ಎಂಬ ಬಾಯಿಮಾತು ಸಾಲದು, ಬ್ಯಾಂಕಿನ ಪತ್ರವೂ 35ನೆಯ ನಮೂನೆಯೂ ಬೇಕು. ಚಾಸಿಯ ಮೇಲೆ ಕೊರೆದ ಸಂಖ್ಯೆಯನ್ನು ಆರ್.ಸಿ.ಯೊಂದಿಗೆ ಅಕ್ಷರಕ್ಕೆ ಅಕ್ಷರ ಹೋಲಿಸಿ. ಸ್ವಂತ ಬಳಕೆಯ ಗಾಡಿಯ ನೋಂದಣಿಗೆ ಹದಿನೈದು ವರ್ಷದ ಆಯುಷ್ಯ. ಆ ಮೇಲೆ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಹದಿನಾಲ್ಕು ವರ್ಷದ ಗಾಡಿಗೆ ಬೆಲೆ ಕಟ್ಟುವಾಗ ಇದು ನೆನಪಿರಲಿ.

ದೆಹಲಿಯಿಂದ ಬಂದ ಗಾಡಿ ಅಗ್ಗವೆಂದು ಹಿಗ್ಗುವವರಿಗೆ ಒಂದು ಮಾತು. ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳು ಅಲ್ಲಿ ಓಡಕೂಡದೆಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶಿಸಿತು, ಸುಪ್ರೀಂ ಕೋರ್ಟು 2018ರಲ್ಲಿ ಅದನ್ನು ಎತ್ತಿಹಿಡಿಯಿತು. ಅಲ್ಲಿನ ಗಾಡಿಗಳು ಅಗ್ಗವಾಗಿ ಹೊರರಾಜ್ಯಗಳ ಹಾದಿ ಹಿಡಿದದ್ದು ಹೀಗೆ. ಆದರೆ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಳ್ಳುವ ಗಾಡಿಗೆ ಕರ್ನಾಟಕದ ಸಂಖ್ಯೆಯನ್ನೇ ಪಡೆಯಬೇಕು; ಅದಕ್ಕೆ ಅಲ್ಲಿನ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿನ ಆಜೀವ ತೆರಿಗೆ ಕಟ್ಟಬೇಕು. ಈ ತೆರಿಗೆ ಹೆಚ್ಚಿರುವ ರಾಜ್ಯಗಳಲ್ಲಿ ನಮ್ಮದೂ ಒಂದು. ಅದನ್ನು ಕೂಡಿಸಿ ನೋಡಿದರೆ ಅಗ್ಗವೆಂಬುದು ಎಷ್ಟೋ ಸಲ ಉಳಿಯುವುದೇ ಇಲ್ಲ.

ಮಾರಾಟವಾದೊಡನೆ 29 ಮತ್ತು 30ನೆಯ ನಮೂನೆಗಳಿಗೆ ಸಹಿ ಬೀಳಬೇಕು. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು ಹದಿನಾಲ್ಕು ದಿನದೊಳಗೆ, ಕೊಂಡವರು ಮೂವತ್ತು ದಿನದೊಳಗೆ ಕಚೇರಿಗೆ ತಿಳಿಸಬೇಕು. ‘ಆಮೇಲೆ ಮಾಡಿಸಿಕೊಂಡರಾಯಿತು’ ಎಂಬ ಮಾತಿಗೆ ಇಬ್ಬರೂ ಒಪ್ಪಬಾರದು. ಹೆಸರು ಬದಲಾಗದಿದ್ದರೆ, ಗಾಡಿ ಯಾರ ಕೈಯಲ್ಲೇ ಇರಲಿ, ಅಪಘಾತದ ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲೀಕರದೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪು ಕೊಟ್ಟಿದೆ. ಇತ್ತ ಕೊಂಡವರೂ ವಿಮೆಯನ್ನು ಹದಿನಾಲ್ಕು ದಿನದೊಳಗೆ ತಮ್ಮ ಹೆಸರಿಗೆ ಮಾಡಿಸಿಕೊಳ್ಳದಿದ್ದರೆ, ತಮ್ಮ ಗಾಡಿಗೆ ಆದ ನಷ್ಟಕ್ಕೆ ಕೈಯಾಡಿಸಿ ಬರಬೇಕಾದೀತು. ಹಿಂದಿನವರಿಗೆ ಅಪಘಾತವಿಲ್ಲದ ವರ್ಷಗಳಿಗಾಗಿ ಸಿಕ್ಕಿದ್ದ ವಿಮೆಯ ರಿಯಾಯಿತಿ ಅವರಿಗೇ ಸೇರಿದ್ದು. ಗಾಡಿಯ ಜೊತೆ ನಿಮಗೆ ಬರುವುದಿಲ್ಲ.

ಗಾಡಿಯನ್ನು ವಶಕ್ಕೆ ತೆಗೆದುಕೊಳ್ಳುವಾಗ ದಿನ, ಗಂಟೆ, ನಿಮಿಷ ಬರೆದು ಇಬ್ಬರೂ ಸಹಿ ಮಾಡಿದ ಚೀಟಿಯೊಂದನ್ನು ಇಟ್ಟುಕೊಳ್ಳಿ. ಜೊತೆಗೆ ಜಾಕಿ, ಸ್ಪ್ಯಾನರು, ಎರಡನೆಯ ಬೀಗದಕೈ ಮೂರನ್ನೂ ಕೇಳಿ ಪಡೆಯಿರಿ. ಈಗಿನ ಬೀಗದಕೈಯೊಳಗೆ ಎಲೆಕ್ಟ್ರಾನಿಕ್ ಗುರುತು ಇರುವುದರಿಂದ ಹೊಸದು ಮಾಡಿಸಲು ಸಾವಿರಾರು ರೂಪಾಯಿ ಬೇಕು. ಮೇಲಾಗಿ, ಇನ್ನೊಂದು ಕೈ ಎಲ್ಲಿದೆ, ಯಾರ ಬಳಿ ಇದೆ ಎಂಬುದು ನಿಮಗೆ ಗೊತ್ತಿರಬೇಕು.