ಸ್ವೀಡಿಷ್ ಭಾಷೆಯ ಮೊದಲ ಪಾಠ

ಯೂರೋಪಿನ ಉತ್ತರದಲ್ಲಿರುವ ಸ್ವೀಡನ್ ದೇಶದ ಭಾಷೆಗೆ ಸ್ವೀಡಿಷ್ ಎಂದು ಹೆಸರು. ಇದನ್ನಾಡುವವರು ಸುಮಾರು 1 ಕೋಟಿ ಜನ. ಫಿನ್ಲೆಂಡಿನ ಎರಡು ರಾಷ್ಟ್ರಭಾಷೆಗಳಲ್ಲಿಯೂ ಇದೊಂದು. ಸಾಹಿತ್ಯಕ್ಕಾಗಿ ನೊಬೆಲ್ ಬಹುಮಾನ ಪಡೆದ ಮೊದಲ ಮಹಿಳೆ ಸೆಲ್ಮಾ ಲಾಗರ್‌ಲಾಫ್ (1909) ಬರೆದುದು ಈ ಭಾಷೆಯಲ್ಲಿಯೇ.

ಇಷ್ಟು ದೂರದ ನುಡಿ ನಮಗೇಕೆ ಎಂದು ಮಿತ್ರರು ಕೇಳಬಹುದು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಲು ಹತ್ತಿದವರಲ್ಲಿ ನಾನೇ ಮೊದಲಿಗ. ಪರಭಾಷೆಯೆಂದರೆ ಇಂಗ್ಲಿಷೊಂದೇ, ಅದರ ಮುಂದೆ ನಮ್ಮ ನಾಲಗೆ ಒರಟು ಎಂಬ ಅಳುಕು ನನ್ನಂಥವರಿಗೆ ಸಹಜ. ಒಂದು ವರ್ಷದಿಂದ ಮೊಬೈಲಿನಲ್ಲಿ ಸ್ವೀಡಿಷ್ ರೇಡಿಯೋ ಕೇಳುತ್ತ ಅಭ್ಯಾಸ ಮಾಡಿದ ಮೇಲೆ ನನಗೆ ಕಂಡುಬಂದುದೇ ಬೇರೆ. ಇಲ್ಲಿ ಕನ್ನಡದ ನಾಲಗೆಯೇ ಒಂದು ಬಂಡವಾಳ.

ಮೊದಲು ಉಚ್ಚಾರಣೆ. ಸ್ವೀಡಿಷಿಗೆ 29 ಅಕ್ಷರಗಳು. ಇಂಗ್ಲಿಷಿನ 26ರ ಕೊನೆಗೆ ಮೂರು ಸ್ವರಗಳು ಸೇರಿವೆ. ತಲೆಯ ಮೇಲೆ ಸೊನ್ನೆಯಿರುವ 'ಎ' ನಮ್ಮ 'ಓ'ಕಾರದಂತೆ. ಎರಡು ಚುಕ್ಕೆಯಿರುವ 'ಎ' ಬಾಯಿ ತೆರೆದು ನುಡಿದ 'ಏ'ಕಾರದಂತೆ. ಎರಡು ಚುಕ್ಕೆಯ 'ಓ'ಗೆ ಮಾತ್ರ ನಮ್ಮಲ್ಲಿ ಸಮವಿಲ್ಲ. ತುಟಿಯನ್ನು 'ಓ' ಎನ್ನುವಂತೆ ದುಂಡಗಿಟ್ಟು 'ಏ' ಎಂದರೆ ಅದು ಹೊರಡುತ್ತದೆ.

ಹಾಲು, ಹಲ್ಲು ಎಂಬ ಪದಗಳ ಭೇದ ನಮ್ಮ ಮಕ್ಕಳಿಗೂ ಗೊತ್ತು. ಒಂದರಲ್ಲಿ ಸ್ವರ ದೀರ್ಘ, ಇನ್ನೊಂದರಲ್ಲಿ ವ್ಯಂಜನ ದ್ವಿತ್ವ. ಸ್ವೀಡಿಷಿನಲ್ಲಿಯೂ ಒತ್ತಿ ನುಡಿಯುವ ಭಾಗಕ್ಕೆ ಇದೇ ನಿಯಮ. 'ತಾಕ್' ಎಂದರೆ ಸೂರು, 'ತಕ್ಕ್' ಎಂದರೆ ಧನ್ಯವಾದ. 'ಗ್ಲಾಸ್' ಎಂದರೆ ಗಾಜು, 'ಗ್ಲಸ್ಸ್' ಎಂದರೆ ಐಸ್ ಕ್ರೀಮ್!

ಇನ್ನೂ ಸ್ವಾರಸ್ಯವಾದುದು ಮೂರ್ಧನ್ಯಗಳ ಸಂಗತಿ. 'ರ'ಕಾರದ ಮುಂದೆ ತ, ದ, ನ, ಲ, ಸ ಬಂದಾಗ ಎರಡೂ ಬೆರೆತು ಟ, ಡ, ಣ, ಳ, ಷಗಳಾಗುತ್ತವೆ. 'ಫಾತ್' ಎಂದರೆ ತಟ್ಟೆ. ನಡುವೆ 'ರ' ಬರೆದರೆ 'ಫಾಟ್', ಅಂದರೆ ವೇಗ. 'ಬಾರ್ನ್' ಎಂದು ಬರೆದುದನ್ನು 'ಬಾಣ್' ಎಂದು ಓದಬೇಕು. ಅದು ನಮ್ಮ ಬಾಣವಲ್ಲ, ಮಗು. ಈ ಭೇದ ಇಂಗ್ಲಿಷರಿಗೆ ಹೊಸದು, ನಮಗೆ ಹುಟ್ಟಿನಿಂದ ಬಂದದ್ದು. ಆದರೆ ದಕ್ಷಿಣದ ಸ್ಕೋನೆ ಪ್ರಾಂತದಲ್ಲಿ ಈ ಮಾರ್ಪಾಡು ಇಲ್ಲ.

ಇನ್ನು ವ್ಯಾಕರಣ. ನಾಮಪದಗಳಲ್ಲಿ 'ಎನ್' ಮತ್ತು 'ಎತ್ತ್' ಎಂದು ಎರಡು ವರ್ಗ. 'ಎನ್ ಬೂಕ್' ಒಂದು ಪುಸ್ತಕ, 'ಎತ್ತ್ ಬೂಡ್' ಒಂದು ಮೇಜು. ಇಂಗ್ಲಿಷಿನ 'ದಿ' ಪದದ ಮುಂದೆ ನಿಂತರೆ, ಇಲ್ಲಿ ಅದೇ ಅರ್ಥದ ಅಂಶವು ನಮ್ಮ ವಿಭಕ್ತಿ ಪ್ರತ್ಯಯದಂತೆ ಕೊನೆಗೆ ಅಂಟುತ್ತದೆ: ಬೂಕೆನ್, ಬೂಡೆತ್. ಯಾವ ಪದ ಯಾವ ವರ್ಗದ್ದೆಂಬುದನ್ನು ಬಾಯಿಪಾಠ ಮಾಡದೆ ಬೇರೆ ದಾರಿಯಿಲ್ಲ.

ಕ್ರಿಯಾಪದ ಬಹು ಸುಲಭ. ನಾವು ಓದುತ್ತೇನೆ, ಓದುತ್ತೀಯೆ, ಓದುತ್ತಾನೆ ಎಂದು ರೂಪ ಬದಲಿಸುವೆಡೆ ಅವರಿಗೆ 'ಲೇಸೆರ್' ಒಂದೇ ಸಾಕು. ಆದರೆ ಸಾಮಾನ್ಯ ಹೇಳಿಕೆಯಲ್ಲಿ ಕ್ರಿಯಾಪದ ಎರಡನೆಯ ಸ್ಥಾನ ಬಿಡುವುದಿಲ್ಲ. 'ಯಾಗ್ ಲೇಸೆರ್' ಎಂದರೆ ನಾನು ಓದುತ್ತೇನೆ. 'ಇಂದು' ಎಂಬ ಪದ ಮೊದಲಿಗೆ ಬಂದರೆ 'ಇದಾಗ್ ಲೇಸೆರ್ ಯಾಗ್' ಎಂದಾಗಿ, 'ನಾನು' ಹಿಂದೆ ಸರಿಯುತ್ತಾನೆ.

1960ರ ದಶಕದ ಕೊನೆಯಿಂದೀಚೆಗೆ ಅಲ್ಲಿ ಹಿರಿಯ ಕಿರಿಯರೆನ್ನದೆ ಬಹುಮಟ್ಟಿಗೆ ಎಲ್ಲರನ್ನೂ 'ದೂ', ಅಂದರೆ 'ನೀನು' ಎಂದೇ ಕರೆಯುವರು, ಉಪಾಧ್ಯಾಯರನ್ನೂ ಹಾಗೆಯೇ. ಈ ಪಾಠವನ್ನು ನಮ್ಮ ಕಾಲೇಜಿನಲ್ಲಿ ಪ್ರಯೋಗಿಸುವ ಧೈರ್ಯ ನನಗಿಲ್ಲ!

ಕಷ್ಟವೇ ಇಲ್ಲವೆಂದಲ್ಲ. 'ಅಂದೆನ್' ಎಂಬ ಒಂದೇ ಬರಹವನ್ನು ಒಂದು ರಾಗದಲ್ಲಿ ನುಡಿದರೆ ಬಾತುಕೋಳಿ, ಇನ್ನೊಂದರಲ್ಲಿ ಆತ್ಮ. ಇದು ಪುಸ್ತಕದಿಂದ ಬಾರದು, ಕಿವಿಯಿಂದಲೇ ಬರಬೇಕು. ಆದುದರಿಂದ ಕಲಿಯಬಯಸುವವರು ಮೊದಲು ಕೇಳಲಿ, ಬಳಿಕ ಓದಲಿ. ಪ್ರತಿ ನಾಮಪದವನ್ನೂ 'ಎನ್', 'ಎತ್ತ್'ಗಳೊಡನೆಯೇ ಬರೆದಿಟ್ಟುಕೊಳ್ಳಲಿ. ಹಳ್ಳಿಯ ಮನೆಯಲ್ಲಿ ಕಲಿತ ಳಕಾರ, ಣಕಾರಗಳು ಸ್ಟಾಕ್‌ಹೋಮಿನಲ್ಲಿಯೂ ಸಲ್ಲುತ್ತವೆಂಬುದನ್ನು ಅವರು ತಮ್ಮ ಕಿವಿಯಿಂದಲೇ ಕೇಳಿ ತಿಳಿಯುವರು.